ಹದಿನೇಳು ಒಂದು, ಒಂದು ಮೀಸೆ

ಮಾರೇನಹಳ್ಳಿಗೆ ಬಂದು ಬೈರಪ್ಪನವರ ಮನೆ ಎಲ್ಲಿ ಎಂದರೆ ಊರಿನವರು ಯಾವ ಬೈರಪ್ಪ ಎಂದು ತಿರುಗಿ ಕೇಳುತ್ತಿದ್ದರು. ಮೀಸೆ ಮೇಷ್ಟ್ರ ಮನೆ ಎಂದರೆ ಸಾಕು, ಅಂಗಡಿಯವನು ತಕ್ಕಡಿ ಕೆಳಗಿಟ್ಟು ಬೀದಿಗೆ ಇಳಿದು ಕೈ ತೋರಿಸುತ್ತಿದ್ದ. ಆ ಮೀಸೆ ಅಂಥದ್ದೇ. ದಪ್ಪಗೆ, ತುದಿ ಮೇಲಕ್ಕೆ ತಿರುಗಿ, ದಿನಾ ಬೆಳಗ್ಗೆ ಒಂದು ಹನಿ ಕೊಬ್ಬರಿ ಎಣ್ಣೆ ಕಾಣುವ ಮೀಸೆ. ಮೇಷ್ಟ್ರ ಅಪ್ಪನಿಗೂ ಹೀಗೇ ಇತ್ತಂತೆ. ಅಪ್ಪ ಹೋದಾಗ ಮೇಷ್ಟ್ರು ಇನ್ನೂ ಚಡ್ಡಿ ಹಾಕುವ ವಯಸ್ಸಿನವರು. ಅವ್ವ ಲಕ್ಷ್ಮಿದೇವಮ್ಮ ಒಬ್ಬಳೇ ರಾಗಿ ಹೊಲ ನೋಡಿಕೊಂಡು, ಎರಡು ಎಮ್ಮೆ ಕಟ್ಟಿಕೊಂಡು, ಮಗನನ್ನು ಬಿ.ಎಸ್ಸಿ. ತನಕ ಓದಿಸಿದಳು. ಆಮೇಲೆ ಆ ಹೊಲ ವಿಜಯನಗರದ ಬಡಾವಣೆಗೆ ಹೋಯಿತು. ಅವ್ವ ಕಳೆ ಕಿತ್ತ ಜಾಗದಲ್ಲಿ ಯಾರೋ ಗುಮಾಸ್ತರು ತಾರಸಿ ಮನೆ ಕಟ್ಟಿ ಮುಂದೆ ಕ್ರೋಟನ್ ಗಿಡ ಇಟ್ಟರು. ಹಳೇ ಊರಿನ ಹೆಂಚಿನ ಮನೆ, ಜಗಲಿ ಮತ್ತು ಮಗ, ಇಷ್ಟು ಅವಳ ಪಾಲಿಗೆ ಉಳಿಯಿತು. ಅವಳಿಗೆ ಅದೇನೂ ಕಡಿಮೆ ಅನ್ನಿಸಲಿಲ್ಲ.

ಮೇಷ್ಟ್ರು ಸೈಕಲ್ಲಿನಲ್ಲಿ ಮಾಗಡಿ ರಸ್ತೆ ದಾಟಿ ರಾಜಾಜಿನಗರದ ಒಂದು ಹೈಸ್ಕೂಲಿಗೆ ಹೋಗಿ ಗಣಿತ ಹೇಳುತ್ತಿದ್ದರು. ವರ್ಷದ ಮೊದಲ ಪೀರಿಯಡ್ಡಿನಲ್ಲಿ ಪುಸ್ತಕ ತೆಗೆಸುವ ಪದ್ಧತಿ ಅವರದಲ್ಲ. ತಲೆಯ ಕರಿ ಟೋಪಿ ಸರಿಮಾಡಿಕೊಂಡು, ಬೋರ್ಡಿನ ಮೇಲೆ ಆ ತುದಿಯಿಂದ ಈ ತುದಿಗೆ ಹದಿನೇಳು ಒಂದುಗಳನ್ನು ಬರೆಯುತ್ತಿದ್ದರು.

11111111111111111

"ಆರು ಒಂದು ಬರೆದರೆ ಮೂರು ಮೂರರ ಎರಡು ಗುಂಪು ಆಯ್ತು. ನೂರ ಹನ್ನೊಂದರಿಂದ ಭಾಗಿಸಿ ನೋಡಿ, ಸಾವಿರದ ಒಂದು ಬರುತ್ತೆ, ಶೇಷ ಇಲ್ಲ. ಹದಿನೈದು ಒಂದೂ ಹಂಗೇ ಒಡೆಯುತ್ತೆ. ಹದಿನೇಳನ್ನ ಮಾತ್ರ ಸಮಸಮ ಗುಂಪು ಮಾಡೋಕೆ ಆಗಲ್ಲ. ನಾನು ಕಾಲೇಜಲ್ಲಿದ್ದಾಗ ಒಂದು ಬೇಸಿಗೆ ಪೂರ್ತಿ ಕೂತು, ಮೂರು ಸಾವಿರದ ತನಕ ಯಾವ ಸಂಖ್ಯೆಯಿಂದ ಭಾಗಿಸಿದರೂ ಇದು ಜಗ್ಗಲಿಲ್ಲ. ಯಾರಾದರೂ ಇದನ್ನ ಒಡೆದು ತೋರಿಸಿದರೆ ಈ ಮೀಸೆ ತೆಗೆಸ್ತೀನಿ."

ಬಡಾವಣೆಯ ಮಕ್ಕಳು ನಗುತ್ತಿದ್ದರು. ಹಳೇ ಊರುಗಳಿಂದ ಬಂದ ಮಕ್ಕಳು ನಗುತ್ತಿರಲಿಲ್ಲ. ಆ ಕಡೆ ಗಂಡಸು ಮೀಸೆ ತೆಗೆಸುವುದು ಹೆತ್ತವರು ತೀರಿಕೊಂಡಾಗ ಮಾತ್ರ. ಅಪ್ಪನಿಗೆ ಮಗ ಮೀಸೆ ಕೊಡುವಷ್ಟು ದೊಡ್ಡವನಾಗಿರಲಿಲ್ಲ, ಹಾಗಾಗಿ ಮೇಷ್ಟ್ರ ಮೀಸೆ ಏನಿದ್ದರೂ ಅವ್ವನಿಗೆ ಮೀಸಲು. ಅವಳು ಕಲ್ಲುಗುಂಡಿನ ಹಾಗೆ ಮನೆಯಲ್ಲಿ ಓಡಾಡಿಕೊಂಡಿರುವಾಗ ಮಗ ಹೀಗೆ ಪಣ ಕಟ್ಟುವುದು ಬಾಯಿಚಪಲವಲ್ಲದೆ ಇನ್ನೇನು? ಆದರೆ ಮೇಷ್ಟ್ರಿಗೆ ಆ ಸಂಖ್ಯೆಯ ಮೇಲೆ ಅಷ್ಟು ಧೈರ್ಯ. ಒಡೆಯದ್ದಕ್ಕೆ ಪಣ ಕಟ್ಟಲು ಯಾರಪ್ಪನ ಗಂಟು ಹೋಗಬೇಕು.

ಎಪ್ಪತ್ತನೇ ಇಸವಿಯಲ್ಲಿ ಕೋಕಿಲಾ ಎಂಬ ಹುಡುಗಿ ಎದ್ದು ನಿಂತಳು. ಎರಡು ಜಡೆ, ಮೂಗಿನ ಮೇಲೆ ಜಾರುವ ಕನ್ನಡಕ.

"ಸಾರ್, ಏಳು ಒಂದನ್ನೂ ಗುಂಪು ಮಾಡೋಕಾಗಲ್ಲ. ಆದರೂ ಅದು ಒಡೆಯುತ್ತೆ. ಇನ್ನೂರ ಮೂವತ್ತೊಂಬತ್ತು ಇಂಟು ನಾಲ್ಕು ಸಾವಿರದ ಆರುನೂರ ನಲವತ್ತೊಂಬತ್ತು. ನಾನೂ ಇನ್ನೂರರ ಹತ್ತಿರ ನಿಲ್ಲಿಸಿದ್ದರೆ ಅದು ಒಡೆಯಲ್ಲ ಅಂತಲೇ ಅಂದ್ಕೊಳ್ತಿದ್ದೆ. ನೀವು ಮೂರು ಸಾವಿರದ ಆಚೆ ನೋಡಿದೀರಾ?"

ಮೇಷ್ಟ್ರು ಮೀಸೆಯ ಮೇಲೆ ಕೈಯಾಡಿಸಿದರು. ನೋಡಿರಲಿಲ್ಲ. "ನೋಡ್ತೀನಿ, ಕೂತ್ಕೊ," ಎಂದರು. ಹುಡುಗಿ ಕೂತಳು, ಇವರಿಗೆ ಮಾತ್ರ ಅಂದಿನಿಂದ ಕೂತಲ್ಲಿ ಕೂರಲಾಗಲಿಲ್ಲ.

ಮಾರನೆಯ ಬೆಳಗಿನಿಂದಲೇ ಜಗಲಿಯ ಮೇಲೆ ಸ್ಲೇಟು ಹಿಡಿದು ಕೂತರು. ಒಂದು ಸಂಖ್ಯೆ ತೆಗೆದುಕೊಳ್ಳುವುದು, ಹದಿನೇಳು ಒಂದುಗಳನ್ನು ಅದರಿಂದ ಭಾಗಿಸುವುದು, ಶೇಷ ಉಳಿದರೆ ಒದ್ದೆ ಬಟ್ಟೆಯಿಂದ ಒರೆಸಿ ಮುಂದಿನದಕ್ಕೆ ಹೋಗುವುದು. ಎಲ್ಲಿಗೆ ಬಂದೆವು ಎನ್ನುವುದನ್ನು ಬಾಗಿಲ ಚೌಕಟ್ಟಿನ ಮೇಲೆ ಬಳಪದಲ್ಲಿ ಗೀಚಿಡುವುದು. ಹೆಂಡತಿ ವಿಮಲಮ್ಮ ಚೌಕಟ್ಟಿಗೆ ಅರಿಸಿನ ಬಳಿಯುವಾಗ ಆ ಅಂಕಿಯನ್ನು ಬಿಟ್ಟು ಸುತ್ತ ಬಳಿಯುತ್ತಿದ್ದರು. "ಬೇರೆಯವರ ಗಂಡಂದಿರು ಇಸ್ಪೀಟು ಆಡ್ತಾರೆ, ನನ್ನವರು ಭಾಗಾಕಾರ ಆಡ್ತಾರೆ, ಕೈಯಲ್ಲಿರೋದಾದರೂ ಉಳೀತದೆ," ಎಂದು ಪಕ್ಕದ ಮನೆಯವರಿಗೆ ಹೇಳುತ್ತಿದ್ದರು. ಅವ್ವನಿಗೆ ಸ್ಲೇಟಿನ ಮೇಲೆ ಬಳಪ ಓಡುವ ಸದ್ದು ಕೇಳಿದರೆ ಬೆಳಗಾಯಿತು ಎಂದು ಅರ್ಥ.

ಮೂರು ವರ್ಷ ಹೀಗೆ ಎತ್ತಿನ ಗಾಡಿಯ ನಡಿಗೆ. ಬಿ.ಎಸ್ಸಿ. ಓದುತ್ತಿದ್ದ ಕೋಕಿಲಾ ಒಂದು ದಿನ ಮನೆ ಹುಡುಕಿಕೊಂಡು ಬಂದು ಒಂದು ಗುಟ್ಟು ಹೇಳಿದಳು. ಹದಿನೇಳು ಒಂದುಗಳನ್ನು ಒಡೆಯುವ ಅವಿಭಾಜ್ಯ ಸಂಖ್ಯೆ ಯಾವುದೇ ಇರಲಿ, ಅದು ಮೂವತ್ತನಾಲ್ಕರ ಮಗ್ಗಿಗಿಂತ ಒಂದು ಹೆಚ್ಚೇ ಆಗಿರಬೇಕು. ನೂರ ಮೂರು, ನೂರ ಮೂವತ್ತೇಳು, ಇನ್ನೂರ ಮೂವತ್ತೊಂಬತ್ತು, ಹೀಗೆ. ನಡುವಿನವನ್ನೆಲ್ಲ ಮುಟ್ಟುವುದೇ ಬೇಡ.

"ಮುಯ್ಯಿ ಹಾಕಿದ ಹಂಗೆ ಅನ್ನು," ಎಂದರು ಮೇಷ್ಟ್ರು. "ನೂರು ಕೊಟ್ಟರೆ ಸಾಲದು, ಮೇಲೊಂದು ಇಡಬೇಕು." ಅದು ಏಕೆ ಹಾಗೆ ಎನ್ನುವುದನ್ನು ಅವಳಿಂದ ಸಂಜೆಯ ತನಕ ಹೇಳಿಸಿಕೊಂಡು, ಖಾತ್ರಿಯಾದ ಮೇಲೇ ಕಾಫಿಗೆ ಎದ್ದರು. ಅಲ್ಲಿಂದ ಮುಂದೆ ಕುದುರೆ ಓಟ. ಮೂರು, ಏಳು, ಹನ್ನೊಂದರಿಂದ ಹೋಗುವವನ್ನು ಕಣ್ಣಲ್ಲೇ ಆಚೆ ಹಾಕಿ, ದಿನಕ್ಕೆ ಹತ್ತು ಹದಿನೈದು ಸಂಖ್ಯೆ ಮುಗಿಸುತ್ತಿದ್ದರು. ಚೌಕಟ್ಟಿನ ಅಂಕಿ ಹತ್ತು ಸಾವಿರ ದಾಟಿತು, ಲಕ್ಷ ದಾಟಿತು, ಹತ್ತು ಲಕ್ಷ ದಾಟಿತು. ಹದಿನೇಳು ಒಂದು ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಅದು ಗಟ್ಟಿಯಾಗಿ ನಿಂತಷ್ಟೂ ಮೇಷ್ಟ್ರಿಗೆ ಖುಷಿ. ಬೆಳಗಿನ ಎಳೆ ಬಿಸಿಲು, ಕಂಚಿನ ಲೋಟದಲ್ಲಿ ಕಾಫಿ, ಒಳಗೆ ಅವ್ವ ರೊಟ್ಟಿ ತಟ್ಟುವ ಸದ್ದು, ಕೈಯಲ್ಲಿ ಭಾಗಾಕಾರ. ಆ ವರ್ಷಗಳಲ್ಲಿ ಅವರಷ್ಟು ಸುಖವಾಗಿದ್ದವರು ವಿಜಯನಗರದ ಸುತ್ತಮುತ್ತ ಯಾರೂ ಇರಲಿಲ್ಲ.

ಎಪ್ಪತ್ತೆಂಟರ ಬೇಸಿಗೆ ರಜದಲ್ಲಿ ಒಂದು ಬೆಳಗ್ಗೆ ಇಪ್ಪತ್ತು ಲಕ್ಷ ಎಪ್ಪತ್ತೊಂದು ಸಾವಿರದ ಏಳುನೂರ ಇಪ್ಪತ್ತಮೂರರ ಸರದಿ ಬಂತು. ನೋಡಲು ಏನೂ ವಿಶೇಷವಿಲ್ಲದ ಸಂಖ್ಯೆ. ಮೇಷ್ಟ್ರು ಒಂದೊಂದೇ ಅಂಕಿ ಇಳಿಸಿಕೊಂಡು ಬಂದರು. ಕೊನೆಯ ಒಂದನ್ನು ಇಳಿಸಿದಾಗ ಸ್ಲೇಟಿನ ಮೇಲೆ 14502061 ಇತ್ತು. ಏಳರಿಂದ ಗುಣಿಸಿ ಕೆಳಗೆ ಬರೆದರು. ಅಲ್ಲೂ 14502061.

ಕಳೆದರೆ ಸೊನ್ನೆ. ಎಂಟು ವರ್ಷಗಳಲ್ಲಿ ಆ ಜಾಗದಲ್ಲಿ ಸೊನ್ನೆ ಕಂಡದ್ದು ಅದೇ ಮೊದಲು.

ತಪ್ಪಾಗಿರಬೇಕು ಎಂದು ಒಂಬತ್ತು ಕಳೆಯುವ ತಾಳೆ ನೋಡಿದರು. 2071723ರ ಅಂಕಿ ಕೂಡಿದರೆ ಇಪ್ಪತ್ತೆರಡು, ಅಂದರೆ ನಾಲ್ಕು. ಭಾಗಲಬ್ಧ 5363222357. ಕೂಡಿದರೆ ಮೂವತ್ತೆಂಟು, ಅಂದರೆ ಹನ್ನೊಂದು, ಅಂದರೆ ಎರಡು. ನಾಲ್ಕೆರಡಲಿ ಎಂಟು. ಹದಿನೇಳು ಒಂದು ಕೂಡಿದರೆ ಹದಿನೇಳು, ಅದೂ ಎಂಟು. ತಾಳೆಯಾಯಿತು. ಆದರೂ ನಂಬದೆ ಪೂರ್ತಿ ಗುಣಿಸಿದರು. ಒಂದರ ಪಕ್ಕ ಒಂದು, ಒಂದರ ಪಕ್ಕ ಒಂದು, ಹದಿನೇಳೂ ಬಂದು ಸಾಲಾಗಿ ನಿಂತವು. ಆ ಎರಡು ತುಂಡುಗಳು ಮತ್ತೆ ಒಡೆಯುತ್ತವೆಯೇ ಎಂದು ನೋಡುವ ಕೆಲಸವೂ ಉಳಿದಿರಲಿಲ್ಲ. ತುಂಡನ್ನು ಒಡೆಯುವ ಚಿಕ್ಕ ಸಂಖ್ಯೆ ಇದ್ದಿದ್ದರೆ ಅದು ಇಡಿಯನ್ನೂ ಒಡೆಯಬೇಕಿತ್ತು, ಚಿಕ್ಕವರನ್ನೆಲ್ಲ ಅವರು ಆಗಲೇ ಒಬ್ಬೊಬ್ಬರಾಗಿ ವಿಚಾರಿಸಿಕೊಂಡು ಬಂದಿದ್ದರು. ಎರಡೇ ತುಂಡು, ಎರಡೂ ಗಟ್ಟಿ.

ಮೇಷ್ಟ್ರಿಗೆ ಎದ್ದು ಕುಣಿಯಬೇಕು ಅನ್ನಿಸಿತು. ಅರ್ಧ ಎದ್ದರು ಕೂಡ. ಆಗ ಒಳಗಿಂದ ಅವ್ವ ಕೆಮ್ಮಿದಳು. ಕೈ ತಾನಾಗಿ ಮೀಸೆಗೆ ಹೋಯಿತು, ಮತ್ತೆ ಕೂತರು.

ವಿಮಲಮ್ಮನಿಗೆ ಹೇಳಿದರು. ಆಕೆ ಕೇಳಿ, ಸೆರಗಿನಿಂದ ಮುಖ ಒರೆಸಿಕೊಂಡು, ಲಾಯರಿನ ಹಾಗೆ ವಾದ ಹೂಡಿದರು. "ಪಣ ಕಟ್ಟಿದ್ದು ಮಕ್ಕಳಿಗೆ. ಒಡೆದಿದ್ದು ನೀವು. ಅದು ಲೆಕ್ಕಕ್ಕೆ ಬರಲ್ಲ."

"ಯಾರಾದರೂ ಒಡೆದರೆ ಅಂದಿದ್ದೆ. ನಾನೂ ಯಾರೋ ಒಬ್ಬ ತಾನೆ?"

"ಹಾಗಾದರೆ ಯಾರಿಗೂ ಹೇಳಬೇಡಿ. ಅತ್ತೆ ಕಣ್ಣೆದುರಿಗೆ ಮೀಸೆ ತೆಗೆಸೋದು ಅಂದರೆ ಏನೂಂದ್ರೆ? ಎಂಬತ್ತು ದಾಟಿದವರು. ನಾಳೆ ಏನಾದರೂ ಆದರೆ ಜೀವಮಾನ ಪೂರ್ತಿ ನಿಮ್ಮನ್ನೇ ನೀವು ಬೈಕೊಂಡು ಕೂತಿರ್ತೀರ."

ಅದು ನಿಜ. ಶಕುನ, ಅಪಶಕುನಗಳನ್ನು ಮೇಷ್ಟ್ರು ನಂಬುತ್ತಿರಲಿಲ್ಲ. ಆದರೆ ಅವ್ವನ ವಿಷಯಕ್ಕೆ ಬಂದರೆ ನಂಬದೆ ಇರುವ ಧೈರ್ಯವೂ ಇರಲಿಲ್ಲ. ಇನ್ನೊಂದು ಕಡೆ, ಜೂನ್ ತಿಂಗಳಲ್ಲಿ ಮತ್ತೆ ಬೋರ್ಡಿನ ಮುಂದೆ ನಿಂತು, ಮೀಸೆ ಹೊತ್ತುಕೊಂಡು, ಇದು ಒಡೆಯಲ್ಲ ಎಂದು ಹೇಳಲು ಬಾಯಿ ಬರುತ್ತಿರಲಿಲ್ಲ. ಇಷ್ಟು ವರ್ಷ ಹೇಳಿದ್ದು ತಪ್ಪು ತಿಳಿವಳಿಕೆ, ಇನ್ನು ಹೇಳಿದರೆ ಸುಳ್ಳು. ಸ್ಲೇಟನ್ನು ಗೋಡೆಗೆ ಆನಿಸಿಟ್ಟರು. ಬೆಳಗಿನ ಕಾಫಿಗೆ ರುಚಿ ಹೋಯಿತು.

"ಯಾಕ್ಲಾ ಬೈರ, ಸ್ಲೇಟು ಮಲಗ್ಬಿಟ್ಟೈತೆ?" ಎಂದು ಅವ್ವ ಒಂದೆರಡು ಸಲ ಕೇಳಿದಳು. ರಜ ಅಲ್ವಾ ಅವ್ವ ಎಂದು ಇವರು ಜಾರಿಕೊಂಡರು. ರಜದಲ್ಲೇ ಜಾಸ್ತಿ ಲೆಕ್ಕ ಮಾಡುವ ಮಗನನ್ನು ಕಂಡಿದ್ದ ಅವ್ವ ಸುಮ್ಮನೆ ತಲೆಯಾಡಿಸಿದಳು.

ಶಾಲೆ ತೆರೆಯುವ ಹಿಂದಿನ ಭಾನುವಾರ ಕ್ಷೌರದ ಬೆಟ್ಟಯ್ಯ ಎಂದಿನಂತೆ ಜಗಲಿಗೆ ಬಂದ. ಕೆನ್ನೆ, ಗದ್ದ ಮುಗಿಸಿ, ಕನ್ನಡಿ ಕೊಟ್ಟ. ಮೇಷ್ಟ್ರು ಕನ್ನಡಿ ನೋಡದೆ, ಒಳಗೆ ಕೇಳಿಸದ ಹಾಗೆ, "ಮೀಸೆನೂ ತೆಗಿ ಬೆಟ್ಟಯ್ಯ," ಎಂದರು.

ಬೆಟ್ಟಯ್ಯ ಕತ್ತಿ ಮಡಿಚಿ ಪೆಟ್ಟಿಗೆಗೆ ಹಾಕಿದ. "ಒಳಗೆ ಅವ್ವಾರು ರೊಟ್ಟಿ ತಟ್ತಾ ಅವ್ರೆ, ಇಲ್ಲಿ ನಾನು ನಿಮ್ಮ ಮೀಸೆ ತೆಗೆಯೋದಾ? ನಿಮಗೆ ಬಿಸಿಲು ನೆತ್ತಿಗೇರೈತೆ ಮೇಷ್ಟ್ರೇ. ನನ್ನ ಕೈಲಾಗಕಿಲ್ಲ." ಅವನ ದನಿ ಗುಟ್ಟಿಗೆ ಹೇಳಿ ಮಾಡಿಸಿದ್ದಲ್ಲ. ರೊಟ್ಟಿಯ ಸದ್ದು ನಿಂತಿತು. ಅವ್ವ ಹಿಟ್ಟಿನ ಕೈಯಲ್ಲೇ ಹೊಸ್ತಿಲಿಗೆ ಬಂದಳು.

"ಏನ್ಲಾ ಅದು?"

ಇನ್ನು ಮುಚ್ಚಿಡುವುದಕ್ಕೇನೂ ಉಳಿದಿರಲಿಲ್ಲ. ಮೇಷ್ಟ್ರು ಎಲ್ಲ ಹೇಳಿದರು. ಹದಿನೇಳು ಒಂದು, ಪಣ, ಸ್ಲೇಟು, ಸೊನ್ನೆ. ಅವ್ವ ನಡುವೆ ಬಾಯಿ ಹಾಕದೆ ಕೇಳಿದಳು.

"ಎಷ್ಟು ಮಕ್ಕಳ ಮುಂದೆ ಹೇಳಿದ್ದೆ?"

"ಲೆಕ್ಕ ಇಟ್ಟಿಲ್ಲ ಅವ್ವ."

"ಲೆಕ್ಕದ ಮೇಷ್ಟ್ರಂತೆ," ಎಂದಳು ಅವ್ವ. ಆಮೇಲೆ ಬಾಗಿಲಿಗೆ ಒರಗಿ ಕೂತಳು. "ನಿನ್ನ ಮೀಸೆ ನೋಡ್ಕೊಂಡು ಯಮ ಬರ್ತಾನೇನ್ಲಾ? ಅವನ ಲೆಕ್ಕ ಅವನಿಗೈತೆ. ಹೇಳಿದ ಮಾತು ನುಂಗ್ಕೊಂಡು ನನ್ನನ್ನ ಬದುಕಿಸ್ತೀನಿ ಅಂತ ಹೊರಟ್ಯಾ? ಅಂಥ ಆಯಸ್ಸು ನಂಗೆ ಬ್ಯಾಡ. ಬೆಟ್ಟಯ್ಯ, ಕತ್ತಿ ತೆಗಿ. ನಾನು ಇಲ್ಲೇ ಕುಂತಿರ್ತೀನಿ. ನಾನು ಬದುಕಿದ್ದೆ ಅನ್ನೋದಕ್ಕೆ ನೀನೇ ಸಾಕ್ಷಿ."

ಬೆಟ್ಟಯ್ಯ ಪೂರ್ವಕ್ಕೆ ಒಂದು ಸಲ ಕೈಮುಗಿದು ಕತ್ತಿ ತೆಗೆದ. ಅಷ್ಟು ದೊಡ್ಡ ಮೀಸೆ ಹೋಗಲು ಒಂದು ಗಳಿಗೆ ಸಾಕಾಯಿತು. ಅವ್ವ ಮಗನ ಮುಖವನ್ನೇ ನೋಡಿದಳು, ಬಹಳ ಹೊತ್ತು ನೋಡಿದಳು. ಎದ್ದು ಒಳಗೆ ಹೋದಳು. ಹೆಂಚಿನ ಮೇಲೆ ರೊಟ್ಟಿ ಸೀದುಹೋಗಿತ್ತು. ಅವ್ವನ ಕೈಯಲ್ಲಿ ರೊಟ್ಟಿ ಸೀಯುವುದು ಆ ಮನೆಯಲ್ಲಿ ಯಾರೂ ಕಂಡದ್ದಲ್ಲ. ಅವಳಿಗೆ ನೋವಾಗಿದೆ, ಹೇಳುತ್ತಿಲ್ಲ, ಎಂದುಕೊಂಡರು ಮೇಷ್ಟ್ರು.

ಮರುದಿನ ಟೋಪಿ ಹಾಕಿಕೊಂಡು ಶಾಲೆಗೆ ಹೋದರು. ಟೋಪಿಯ ಕೆಳಗೆ ಕೂದಲು ಇದೆಯೋ ಇಲ್ಲವೋ ಕಂಡವರಾರು? ಮೀಸೆ ಇಲ್ಲದ್ದು ಮಾತ್ರ ಎಲ್ಲರಿಗೂ ಕಂಡಿತು. ಸಹೋದ್ಯೋಗಿಗಳು ಹತ್ತಿರ ಬಂದು ಭುಜ ಮುಟ್ಟಿ, ತಲೆತಗ್ಗಿಸಿ ಹೋದರು. ಮೀಸೆಗೆ ಇಷ್ಟೊಂದು ಮರುಗುತ್ತಾರಲ್ಲ ಎಂದು ಮೇಷ್ಟ್ರಿಗೆ ಆಶ್ಚರ್ಯ. ಪ್ರಾರ್ಥನೆ ಮುಗಿದ ಮೇಲೆ ಹೆಡ್‌ಮಾಸ್ಟರು ಗಂಟಲು ಸರಿಮಾಡಿಕೊಂಡು, ಅಗಲಿದ ಹಿರಿಯ ಜೀವಕ್ಕಾಗಿ ಎರಡು ನಿಮಿಷ ಮೌನ ಆಚರಿಸೋಣ ಎಂದರು. ಮೇಷ್ಟ್ರೂ ಕಣ್ಣುಮುಚ್ಚಿ, ಭಕ್ತಿಯಿಂದ ನಿಂತರು. ಮುಗಿದ ಮೇಲೆ ಪಕ್ಕದ ಡ್ರಾಯಿಂಗ್ ಮಾಸ್ಟರನ್ನು ಮೆಲ್ಲಗೆ ಕೇಳಿದರು, "ಯಾರು ಹೋದರು ಸಾರ್, ಪಾಪ?"

"ನಿಮ್ಮ ತಾಯಿಯವರು ಅಲ್ವಾ?" ಎಂದರು ಡ್ರಾಯಿಂಗ್ ಮಾಸ್ಟರು.

ಅದನ್ನು ಬಿಡಿಸಿ ಹೇಳುವಷ್ಟರಲ್ಲಿ ಮೊದಲ ಪೀರಿಯಡ್ಡು ಅರ್ಧ ಮುಗಿದಿತ್ತು. ಉಳಿದ ಅರ್ಧದಲ್ಲಿ ಮೇಷ್ಟ್ರು ಹದಿನೇಳು ಒಂದು ಬರೆದು, ಕೆಳಗೆ ಆ ಎರಡು ತುಂಡು ಬರೆದು, ಬೋಳು ತುಟಿಯ ಮೇಲೆ ಬೆರಳಿಟ್ಟು ತೋರಿಸಿದರು. "ಮೂರು ಸಾವಿರದ ತನಕ ನೋಡಿ ಇದು ಗಟ್ಟಿ ಅಂದಿದ್ದೆ. ಇಪ್ಪತ್ತು ಲಕ್ಷದಾಚೆ ಒಡೀತು. ಎಲ್ಲಿ ತನಕ ನೋಡಿದೀವೋ ಅಲ್ಲಿ ತನಕ ಮಾತ್ರ ಮಾತಾಡಬೇಕು, ಬರ್ಕೊಳಿ." ಮಕ್ಕಳು ಬರೆದುಕೊಂಡರು.

ಸಂಜೆ ಸೈಕಲ್ಲು ಮಾರೇನಹಳ್ಳಿಯ ಬೀದಿಗೆ ತಿರುಗಿದಾಗ ಮನೆಯ ಕಡೆಯಿಂದ ರೋದನ ಕೇಳಿಸಿತು. ಮೇಷ್ಟ್ರು ಹೆಂಡತಿ ಹೇಳಿದ್ದೇ ಆಯಿತು ಎಂದುಕೊಂಡು, ಸೈಕಲ್ಲನ್ನು ಬೀದಿಯಲ್ಲೇ ಬೀಳಿಸಿ ಓಡಿದರು.

ಜಗಲಿಯ ಮುಂದೆ ಅವ್ವನ ತಂಗಿ, ಕೆಂಗೇರಿಯ ಶಿವಕ್ಕ, ಎದೆ ಬಡಿದುಕೊಂಡು ಕೂತಿದ್ದಳು. "ನನ್ನ ಬಿಟ್ಟು ಹೋದ್ಯಾ ಅಕ್ಕಯ್ಯ, ಒಂದು ಮಾತು ಹೇಳ್ದಂಗೆ ಹೋದ್ಯಾ, ನಿನ್ನ ಕೈಯ ಉಪ್ಸಾರು ಇನ್ನೆಲ್ಲಿ ಉಣ್ಣಲಿ." ಸೊಪ್ಪು ಮಾರುವವನೊಬ್ಬ ಬೆಳಗ್ಗೆ ಮಾಗಡಿ ರಸ್ತೆಯಲ್ಲಿ ಮೇಷ್ಟ್ರ ತುಟಿ ನೋಡಿ ಕೆಂಗೇರಿಗೆ ಸುದ್ದಿ ಮುಟ್ಟಿಸಿದ್ದ. ಅವಳೆದುರಿಗೆ, ಬಾಗಿಲ ಮರೆಯಲ್ಲಿ, ಮೊರ ಹಿಡಿದ ಅವ್ವ ನಿಂತಿದ್ದಳು. ಮಗ ಓಡಿಬಂದದ್ದನ್ನು ನೋಡಿ ತುಟಿಯ ಮೇಲೆ ಬೆರಳಿಟ್ಟು, ಸುಮ್ಮನಿರು ಎಂದು ಸನ್ನೆ ಮಾಡಿದಳು. ತಂಗಿ ಉಪ್ಸಾರಿನಿಂದ ಶುರುಮಾಡಿ, ಅಕ್ಕ ತವರಿನಲ್ಲಿ ತನ್ನನ್ನು ಸೊಂಟದ ಮೇಲೆ ಹೊತ್ತು ತಿರುಗಿದ್ದು, ಗಂಡ ಸತ್ತ ಮೇಲೂ ಯಾರ ಮುಂದೂ ಕೈ ಚಾಚದೆ ಬದುಕಿದ್ದು, ಎಲ್ಲವನ್ನೂ ರಾಗವಾಗಿ ಹೇಳಿ ಮುಗಿಸುವ ತನಕ ಕೇಳಿಸಿಕೊಂಡಳು. ಆಮೇಲೆ ಈಚೆ ಬಂದಳು.

"ಉಪ್ಸಾರೇ ಮಾಡಿವ್ನಿ. ಎದ್ದು ಕೈಕಾಲು ತೊಳ್ಕೊ."

ಶಿವಕ್ಕ ಮೊದಲು ಹೆದರಿದಳು, ಆಮೇಲೆ ಬೈದಳು, ಆಮೇಲೆ ಅಕ್ಕನನ್ನು ತಬ್ಬಿಕೊಂಡು ನಿಜವಾಗಿ ಅತ್ತಳು. ಆ ಹೊತ್ತಿಗೆ ಕೋಕಿಲಾ ಬಂದಳು. ಅವಳೀಗ ಎಂ.ಎಸ್ಸಿ. ಮುಗಿಸಿ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದಳು. ಶಾಲೆಯ ಮೌನಾಚರಣೆಯ ಸುದ್ದಿ ಅವಳ ಬೀದಿಗೂ ಮುಟ್ಟಿತ್ತು. ಗೇಟಿನಲ್ಲಿ ನಿಂತು ಅವ್ವನನ್ನು ನೋಡಿದಳು, ಮೇಷ್ಟ್ರ ತುಟಿಯನ್ನು ನೋಡಿದಳು.

"ಒಡೀತಾ ಸಾರ್?" ಎಂದಳು.

"ಒಡೀತಮ್ಮ. ಎರಡು ತುಂಡು."

ಕೋಕಿಲಾ ತಲೆತಗ್ಗಿಸಿದಳು. "ನನಗೆ ಗೊತ್ತಿತ್ತು ಸಾರ್. ಜ್ಞಾನಭಾರತಿ ಲೈಬ್ರರಿಯ ಒಂದು ಹಳೇ ಪುಸ್ತಕದಲ್ಲಿ ಇತ್ತು. ಎರಡು ವರ್ಷದ ಹಿಂದೆಯೇ ನೋಡಿದ್ದೆ. ಹೇಳಿದರೆ ಮೀಸೆ ತೆಗೆಸ್ತೀರ. ಅಜ್ಜಿ ಇದ್ದಾರೆ. ಅದಕ್ಕೆ ಹೇಳಲಿಲ್ಲ."

ಮೇಷ್ಟ್ರು ಸಿಟ್ಟಾಗಬಹುದಿತ್ತು. ಆಗಲಿಲ್ಲ. "ನೀನು ಹೇಳಿದ್ದಿದ್ದರೆ ನನ್ನ ಎರಡು ವರ್ಷದ ಬೆಳಗು ಹಾಳಾಗ್ತಿತ್ತು ಕಣಮ್ಮ. ಹೇಳದೆ ಇದ್ದಿದ್ದೇ ಒಳ್ಳೇದಾಯ್ತು," ಎಂದರು.

"ಹತ್ತೊಂಬತ್ತು ಒಂದು ಮಾತ್ರ ನಿಜವಾಗಲೂ ಒಡೆಯಲ್ಲ ಸಾರ್. ಪಣ ಅದಕ್ಕೆ ಕಟ್ಟಬಹುದಿತ್ತು."

"ಎರಡೇ ಒಂದು ಕಮ್ಮಿ ಬರೆದು ಮೀಸೆ ಕಳ್ಕೊಂಡರಲ್ಲ," ಎಂದರು ವಿಮಲಮ್ಮ. ಮೊದಲು ನಕ್ಕವಳು ಅವ್ವ. ಅಲ್ಲಿಗೆ ಎಲ್ಲರ ಎದೆಯ ಮೇಲಿದ್ದ ಕಲ್ಲು ಇಳಿಯಿತು.

ಉಪ್ಸಾರು, ಮುದ್ದೆ ಆಯಿತು. ಬಂದವರು ಹೋದ ಮೇಲೆ ಅವ್ವ ಜಗಲಿಗೆ ಬಂದು ಮಗನ ಪಕ್ಕ ಕೂತಳು.

"ನಿನ್ನೆ ನಿನ್ನ ಮುಖ ನೋಡಿ ಒಳಕ್ಕೆ ಹೋದ್ನಲ್ಲ, ಅಳು ಬಂದಿತ್ತು ಕಣ್ಲಾ."

"ಗೊತ್ತಾಯ್ತು ಅವ್ವ. ತಪ್ಪು ಮಾಡ್ಬಿಟ್ಟೆ."

"ತಪ್ಪಲ್ಲ. ನಾನು ಹೋದ ದಿನ ನನ್ನ ಮಗ ಹೆಂಗೆ ಕಾಣ್ತಾನೋ ಅಂತ ಒಂದೊಂದು ಸಲ ಯೋಚನೆ ಮಾಡ್ತಿದ್ದೆ. ಆ ಮುಖ ಯಾವ ತಾಯಿಗೆ ನೋಡೋಕೆ ಸಿಗ್ತದೆ? ನಂಗೆ ಸಿಕ್ತು." ಹಿಟ್ಟಿನ ಘಮ ಇನ್ನೂ ಹೋಗಿರದ ಕೈಯಿಂದ ಮಗನ ಬೋಳು ತುಟಿ ಸವರಿದಳು. "ಚೆನ್ನಾಗೇ ಕಾಣ್ತೀಯ. ಹುಟ್ಟಿದಾಗಲೂ ಹಿಂಗೇ ಇದ್ದೆ."

ದಸರೆಯ ಹೊತ್ತಿಗೆ ಮೀಸೆ ಮತ್ತೆ ತುದಿ ತಿರುಗಿಸುವಷ್ಟು ಬಂದಿತ್ತು. ಮೇಷ್ಟ್ರು ಬೇರೊಂದು ದೊಡ್ಡ ಸಂಖ್ಯೆ ಹಿಡಿದು, ಯಾವ ಪಣವನ್ನೂ ಕಟ್ಟದೆ, ಬೆಳಗ್ಗೆ ಜಗಲಿಗೆ ಮರಳಿದರು. ಒಳಗೆ ರೊಟ್ಟಿಯ ಸದ್ದು, ಹೊರಗೆ ಬಳಪದ ಸದ್ದು.

ಮರುವರ್ಷ ಸಂಕ್ರಾಂತಿ ಕಳೆದ ಮೇಲೆ, ಯಾರಿಗೂ ಒಂದು ದಿನದ ತೊಂದರೆಯನ್ನೂ ಕೊಡದೆ, ಅವ್ವ ಹೋದಳು. ಬೆಟ್ಟಯ್ಯ ಪೆಟ್ಟಿಗೆ ತಂದು ಮೇಷ್ಟ್ರ ಮುಂದೆ ಕೂತ. ಕತ್ತಿ ತೆಗೆದವನ ಕೈ ಮೀಸೆಯ ಹತ್ತಿರ ಬಂದು ನಿಂತುಬಿಟ್ಟಿತು.

"ತೆಗಿ ಬೆಟ್ಟಯ್ಯ," ಎಂದರು ಮೇಷ್ಟ್ರು. "ಅವ್ವ ನೋಡಿರೋ ಮುಖಾನೇ."